ಬೀಗದ ಕೈ

ಈರಿ ಸರೋವರದ ದಂಡೆಯ ನಮ್ಮೂರಲ್ಲಿ
ಜನವರಿ ಎಂದರೆ ಬಾಗಿಲು ತೆರೆದಿಡುವ ತಿಂಗಳಲ್ಲ.
ಕಿಟಕಿಯ ಸಂದಿಗೆ ಹಳೆ ಟವೆಲ್ಲು ತುರುಕಿ
ಗ್ಯಾರೇಜಿನ ಬಾಗಿಲು ನೆಲಕ್ಕೆ ಕಚ್ಚಿಸಿ
ಜನ ಒಳಗೇ ಇರುತ್ತಾರೆ, ಡಬ್ಬಿಯಲ್ಲಿಟ್ಟ ಬ್ರೆಡ್ಡಿನ ಹಾಗೆ.

ಕ್ಯಾಸಿಮಿರ್ ವೊಯ್ಟೊವಿಚ್ ಪಿಯಾನೋ ಶ್ರುತಿ ಮಾಡುತ್ತಿದ್ದವನು.
ನಲವತ್ತೊಂದು ವರ್ಷ. ಚರ್ಚಿನದು, ಶಾಲೆಯದು,
ನಮ್ಮ ಅಗ್ನಿಶಾಮಕ ಠಾಣೆಯ ಹಿಂಕೋಣೆಯಲ್ಲಿ
ಯಾರೋ ಬಿಟ್ಟುಹೋದ ಹಳತು,
ಎಲ್ಲದರ ತಂತಿಗೂ ಅವನ ಬೆರಳ ಪರಿಚಯ.
ಸ್ವರ ಕೂದಲೆಳೆಯಷ್ಟು ಜಾರಿದರೂ ಮುಖ ಸಿಂಡರಿಸುತ್ತಿದ್ದ,
ಹಾಲಿನಲ್ಲಿ ಹುಳಿ ಕಂಡವನಂತೆ.

ಎಪ್ಪತ್ತಾರಕ್ಕೆ ಕಿವಿ ಕೈಕೊಟ್ಟಿತು.
ಯಂತ್ರ ಬಂತು, ಎರಡು, ಕಡಲೆಕಾಳಿನಷ್ಟು.
ಮಾತು ಹೆಚ್ಚಾದರೆ ಕಿತ್ತು ಜೇಬಿಗೆ ಹಾಕುವನು:
"ಇವತ್ತಿಗೆ ಲೋಕ ಸಾಕು."

ಅದೇ ವರ್ಷ ಹೊಸ ಕಾರು,
ಅರ್ಧ ಬ್ಯಾಟರಿಯದು, ಅರ್ಧ ಪೆಟ್ರೋಲಿನದು.
ಅದಕ್ಕೆ ತಿರುಗಿಸುವ ಬೀಗದ ಕೈ ಇಲ್ಲ;
ಜೇಬಿನಲ್ಲೊಂದು ಬೆಣಚುಕಲ್ಲಿನಂಥದ್ದು ಇದ್ದರಾಯಿತು,
ಗುಂಡಿ ಒತ್ತಿದರೆ ಶುರು, ಇನ್ನೊಮ್ಮೆ ಒತ್ತಿದರೆ ಬಂದ್.
ಹಳೆಯದರಲ್ಲಿ ಕೈ ತಾನೇ ಕೆಲಸ ಮುಗಿಸುತ್ತಿತ್ತು:
ತಿರುಗಿಸು, ಎಳೆ, ಜೇಬಿಗಿಳಿಸು.
ಕೈಗೆ ಗೊತ್ತಿದ್ದದ್ದನ್ನು ಈಗ ತಲೆ ನೆನಪಿಡಬೇಕು.
ತಲೆಯಲ್ಲಿ ಅವತ್ತು ಬೇರೇನೋ ಇತ್ತು.

ಏನಿತ್ತು? ಜಗಳ, ಅನ್ನುತ್ತಾಳೆ ಲಿಯೋನಾ.
ಕಿಟಕಿಯದು. ಅವಳಿಗೆ ದಿಂಬಿನ ಪಕ್ಕ ಒಂದಿಂಚು ತೆರೆದಿರಬೇಕು,
ಹಿಮ ಬಿದ್ದರೂ. ಅವನಿಗೆ ಬೇಡ.
ಐವತ್ತು ವರ್ಷದ ಒಂದಿಂಚು.
ದಿನಸಿ ಅಂಗಡಿಯಿಂದ ದಾರಿಯುದ್ದಕ್ಕೂ ಅದೇ.
ಸೇತುವೆ ದಾಟುವಾಗಲೇ ಅವನ ಕಿವಿ ಜೇಬು ಸೇರಿತ್ತು.
ಗ್ಯಾರೇಜಿನಲ್ಲಿ ಅವಳು ಬಾಗಿಲು ಬಡಿದು ಒಳಗೆ ಹೋದಳು.
ಅವನು ಎರಡು ಚೀಲ, ಮೊಟ್ಟೆಯ ಪೆಟ್ಟಿಗೆ ಹಿಡಿದು ಇಳಿದ.
ಎಂಜಿನ್ನು ಆಗ ಮೌನ; ಬ್ಯಾಟರಿಯ ಪಾಳಿ.
ಕಾರು ಮೂರು ಸಲ ಕೂಗಿತು,
ತೆಳ್ಳಗೆ, ಸಭ್ಯವಾಗಿ.

ಕೋಟು ಅಡುಗೆಮನೆಯ ಗೂಟಕ್ಕೆ ಹೋಯಿತು.
ಕಾರು ಕಾಯುತ್ತ ಕೂತಿತು. ಬ್ಯಾಟರಿ ಸೋತಾಗ
ತಾನೇ ಎದ್ದು ಎಂಜಿನ್ ಹಚ್ಚಿಕೊಂಡಿತು,
ಮತ್ತೆ ಆರಿಸಿ, ಮತ್ತೆ ಹಚ್ಚಿ, ಇಡೀ ರಾತ್ರಿ,
ಯಾರಿಗೂ ತೊಂದರೆ ಕೊಡಬಾರದು ಎಂಬಂತೆ.

ಹೊಗೆ ಎಂದರೆ ಕೆಮ್ಮಿಸಬೇಕು, ಕಣ್ಣುರಿಸಬೇಕು.
ಇದು ಅಂಥ ಒರಟಲ್ಲ.
ಬಣ್ಣವಿಲ್ಲ, ವಾಸನೆಯಿಲ್ಲ;
ಬಾಗಿಲ ಸಂದಿಯಿಂದ, ಚಪ್ಪಲಿ ಬಿಟ್ಟು ಬಂದವರಂತೆ,
ಮೆಟ್ಟಿಲೇರಿತು.

ಹಿಮ ಗೋರುವ ಹುಡುಗ ಡ್ಯಾರಿಯಸ್ ಫೋನು ಮಾಡಿದ್ದು ಏಳಕ್ಕೆ:
ಬೀದಿಯುದ್ದಕ್ಕೂ ಮೊಣಕಾಲಷ್ಟು ಹಿಮ,
ಈ ಗ್ಯಾರೇಜಿನ ಬಾಗಿಲಡಿ ಮಾತ್ರ
ಒಂದು ಗೆರೆ ಕರಗಿದೆ.

ನನ್ನ ಸೊಂಟದ ಮೀಟರು ಹೊಸಿಲಲ್ಲೇ ಕಿರುಚಿತು.
ಇನ್ನೂರು. ಮೆಟ್ಟಿಲ ನಡುವೆ ನಾನೂರು. ಮೇಲೆ ಏಳುನೂರು.
(ಯಾವ ಸ್ವರ ಅದು, ಅವನಾದರೆ ಹೇಳುತ್ತಿದ್ದ.)
ಮಲಗಿದ್ದ. ಕೆನ್ನೆ ಕೆಂಪಗೆ,
ಈಗಷ್ಟೇ ವಾಕಿಂಗ್ ಮುಗಿಸಿ ಬಂದವನ ಹಾಗೆ.
ಅಪಾಯಕ್ಕೆ ಕೂಗುವ ಯಂತ್ರ ಡ್ರಾಯರಿನಲ್ಲಿತ್ತು,
ಕಳೆದ ಕ್ರಿಸ್‌ಮಸ್ಸಿಗೆ ಅಳಿಯ ಕೊಟ್ಟದ್ದು,
ರಟ್ಟು ಹರಿಯದೆ.

ಲಿಯೋನಾ ಹಿಂದಿನ ಕೋಣೆಯಲ್ಲಿದ್ದಳು,
ಸಿಟ್ಟಿನಲ್ಲಿ ಹಾಸಿಗೆ ಬೇರೆ ಮಾಡಿಕೊಂಡು,
ಮುಖ ಕಿಟಕಿಗೆ. ಉಸಿರಿತ್ತು.

ಅವಳನ್ನು ಹೊತ್ತು ಕೆಳಗಿಳಿಸಿದ ಮೇಲೆ
ಗ್ಯಾರೇಜಿಗೆ ಹೋಗಿ ಗುಂಡಿ ಒತ್ತಿದೆ.
ಒಂದೇ ಬೆರಳು.
ಅಷ್ಟೇ ಕೆಲಸ ಬಾಕಿಯಿತ್ತು.

ಏಪ್ರಿಲ್‌ನಲ್ಲಿ ಠಾಣೆಗೆ ಬಂದಳು, ಕೋಲೂರಿಕೊಂಡು.
ಪಿಯಾನೋದ ಒಂದು ಮನೆ ಒತ್ತಿ ನೋಡಿ
ಏನೂ ಹೇಳಲಿಲ್ಲ. ಆಮೇಲೆ ಕೇಳಿದಳು:
"ನೀವು ಬಂದಾಗ ಕಿಟಕಿ ಎಷ್ಟು ತೆರೆದಿತ್ತು?"
"ಒಂದಿಂಚು."
"ನೋಡು," ಅಂದಳು, ಪಕ್ಕದ ಖಾಲಿ ಕುರ್ಚಿಗೆ,
"ಒಂದೇ. ಯಾವಾಗಲೂ ಎರಡು ಅನ್ನುತ್ತಿದ್ದೆ."